ಸೇಲಂನ ಹಳೆ ಮನೆಗೆ ಹೊಸ ಯಂತ್ರ ಬಂದಾಗ

ಸೇಲಂ ಅಂದ ಕೂಡಲೇ ನಿಮಗೆ ಮಾವಿನಹಣ್ಣು ನೆನಪಾಗಬಹುದು. ನಮ್ಮ ಅತ್ತೆಯವರಿಗೂ ಹಾಗೇ ಆಗಿತ್ತು. “ತಂಗಿ ಬಾಣಂತನಕ್ಕೆ ಸೇಲಂಗೆ ಹೋಗೋಕೆ ವಿಮಾನ ಯಾಕೇ? ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಇಳೀಬಹುದಲ್ಲ!” ಎಂದಿದ್ದರು. ಆದರೆ 2023ರ ಸೆಪ್ಟೆಂಬರಿನಲ್ಲಿ ನಾನು ಹೋದದ್ದು ತಮಿಳುನಾಡಿನ ಸೇಲಂಗಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿಂದ ಸುಮಾರು 25 ಕಿಲೋಮೀಟರ್ ದೂರ, ಸಮುದ್ರದ ದಂಡೆಯ ಮೇಲಿರುವ ಸೇಲಂಗೆ. ನಮ್ಮ ಅಮ್ಮ ಈಗಿಲ್ಲ. ತಂಗಿಗೆ ತವರು ಅಂದರೆ ನಾನೇ. ಹಾಗಾಗಿ ಮೆಂತ್ಯದ ಹಿಟ್ಟು, ಅಂಟಿನುಂಡೆ, ಸಾಂಬ್ರಾಣಿ, ಮೆತ್ತನೆಯ ಹಳೆ ಸೀರೆಗಳು, ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಂಡು ಹೊರಟೆ.

ಹೊರಟಾಗ ಮನಸ್ಸಿಗೆ ನೆಮ್ಮದಿ ಇರಲಿಲ್ಲ. ಅದನ್ನು ಮೊದಲು ನಿಮಗೆ ಹೇಳಿಬಿಡುತ್ತೇನೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದಲ್ಲಿ ನಮ್ಮದು ಹಳೆಯ ಮನೆ. ದಪ್ಪ ಮಣ್ಣಿನ ಗೋಡೆ, ಮರದ ಕಂಬ, ನಡುವೆ ತೊಟ್ಟಿ, ಮೇಲೆ ಮಾಳಿಗೆ. ಮಾವನವರ ತಂದೆ ಕಟ್ಟಿಸಿದ್ದು. ಆ ವರ್ಷದ ಏಪ್ರಿಲ್ ಸೆಕೆಗೆ 82 ವರ್ಷದ ನಮ್ಮ ಅತ್ತೆ ತಲೆ ಸುತ್ತಿ ಬಿದ್ದು, ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಹಿಂದೆ ನಮ್ಮ ಮನೆ ತಂಪಾಗಿಯೇ ಇತ್ತು. ಈಗ ಸುತ್ತ ಮಹಡಿ ಮನೆಗಳೆದ್ದು ಗಾಳಿ ನಿಂತುಹೋಗಿದೆ, ಬಿಸಿಲೂ ಮೊದಲಿನಂತಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ನಮ್ಮ ಯಜಮಾನರು ತೀರ್ಮಾನ ಮಾಡಿದ್ದರು: “ಈ ಮನೆಗೆ ಎ.ಸಿ. ಹಾಕೋಕೆ ಆಗಲ್ಲ. ಕೆಡವಿ ಆರ್.ಸಿ.ಸಿ. ಕಟ್ಟಿಸೋಣ.” ಮನೆಯ ನಕ್ಷೆಯೂ ತಯಾರಾಗಿತ್ತು. ಅತ್ತೆ ಏನೂ ಹೇಳಲಿಲ್ಲ. ಕಂಬಕ್ಕೆ ಒರಗಿ ಕೂತು ತೊಟ್ಟಿ ನೋಡುತ್ತಿದ್ದರು, ಅಷ್ಟೇ. ಆ ನೋಟವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ವಿಮಾನ ಹತ್ತಿದ್ದು.

ಮರದ ಮನೆಗಳ ಊರು

ಅಮೆರಿಕ ಅಂದರೆ ಎಲ್ಲ ಹೊಸದು, ಎಲ್ಲ ಗಾಜು ಎಂದು ನಾನು ತಿಳಿದಿದ್ದೆ. ಸೇಲಂ ನೋಡಿದ ಮೇಲೆ ಆ ಭಾವನೆ ಹೋಯಿತು. 1626ರಲ್ಲಿ ನೆಲೆಗೊಂಡ ಊರದು. 1668ರಲ್ಲಿ ಕಟ್ಟಿದ ಒಂದು ಮರದ ಮನೆ ಇಂದಿಗೂ ಸಮುದ್ರದ ಕಡೆ ಮುಖ ಮಾಡಿ ನಿಂತಿದೆ. ಏಳು ತ್ರಿಕೋನ ಮಾಡುಗಳ ಮನೆ ಎಂದೇ ಅದಕ್ಕೆ ಹೆಸರು. ಒಂದು ಕಾಲಕ್ಕೆ ಇಲ್ಲಿನ ಹಡಗುಗಳು ಸುಮಾತ್ರದಿಂದ ಮೆಣಸು, ಕಲ್ಕತ್ತೆಯಿಂದ ಹತ್ತಿಬಟ್ಟೆ ತುಂಬಿಕೊಂಡು ಬರುತ್ತಿದ್ದವಂತೆ. ಆ ವ್ಯಾಪಾರದಲ್ಲಿ ಹಣ ಮಾಡಿದವರು ಕಟ್ಟಿಸಿದ ಮನೆಗಳು ಚೆಸ್ಟ್‌ನಟ್ ಬೀದಿಯ ಎರಡೂ ಬದಿಗೆ ಸಾಲಾಗಿವೆ. ಈ ಭಾಗಕ್ಕೆ ಸ್ಯಾಮ್ಯುಯೆಲ್ ಮ್ಯಾಕಿಂಟೈರ್ ಎಂಬ ಮರಗೆತ್ತನೆಯವನ ಹೆಸರಿಟ್ಟಿದ್ದಾರೆ. ಆತ 1757ರಲ್ಲಿ ಹುಟ್ಟಿ 1811ರಲ್ಲಿ ತೀರಿಕೊಂಡವನು. ಮರ ಕೆತ್ತುವವನ ಹೆಸರಿನಲ್ಲಿ ಒಂದು ಬಡಾವಣೆ! ನನಗೆ ಬಹಳ ಸಂತೋಷವಾಯಿತು.

ಇನ್ನೊಂದು ಸಂತೋಷದ ಸಂಗತಿ ಇದೆ. ಸ್ವಾಮಿ ವಿವೇಕಾನಂದರು 1893ರ ಆಗಸ್ಟ್‌ನಲ್ಲಿ, ಷಿಕಾಗೋ ಭಾಷಣಕ್ಕೆ ಕೆಲವೇ ದಿನ ಮುಂಚೆ, ಇದೇ ಸೇಲಂಗೆ ಬಂದು ಉಪನ್ಯಾಸ ಕೊಟ್ಟಿದ್ದರು. ಅವರು ಓಡಾಡಿದ ಊರಿನಲ್ಲಿ ನಾನೂ ಇಟ್ಟಿಗೆ ಹಾಸಿದ ಕಾಲುದಾರಿಯ ಮೇಲೆ, ಸೀರೆಯ ಮೇಲೆ ಕೋಟು ಹಾಕಿಕೊಂಡು ದಿನಾ ಸಂಜೆ ನಡೆಯುತ್ತಿದ್ದೆ.

ಊರಿನ ಅನೇಕ ಮನೆಗಳ ಮುಂದೆ ಒಂದು ಚಿಕ್ಕ ಫಲಕ ಇರುತ್ತದೆ. ಯಾರಿಗಾಗಿ ಕಟ್ಟಿದ್ದು, ಆತನ ಕಸುಬೇನು, ಯಾವ ವರ್ಷ ಎಂದು ಅದರಲ್ಲಿ ಬರೆದಿರುತ್ತದೆ. ಬಡಗಿ, ಹಡಗಿನವನು, ಚರ್ಮ ಹದ ಮಾಡುವವನು, ಹೀಗೆ. ತಂಗಿ ಕೊಂಡ ಮನೆಯ ಫಲಕದಲ್ಲಿ ಒಬ್ಬ ನಾವಿಕನ ಹೆಸರಿತ್ತು, 1826 ಎಂಬ ಇಸವಿ ಇತ್ತು. ಹೊರಗೆ ಒಂದರ ಮೇಲೊಂದು ಜೋಡಿಸಿದ ಉದ್ದನೆಯ ಹಲಗೆಗಳ ಗೋಡೆ. ಒಳಗೆ ಕೋಣೆಗೊಂದು ಅಗ್ಗಿಷ್ಟಿಕೆ. ಕಿಟಕಿಯ ಗಾಜು ಎಷ್ಟು ಹಳೆಯದೆಂದರೆ ಅದರೊಳಗಿಂದ ನೋಡಿದರೆ ಎದುರು ಮನೆ ನೀರಿನಲ್ಲಿ ಕಂಡ ಹಾಗೆ ಅಲುಗುತ್ತಿತ್ತು.

ಚೆಂದವೇನೋ ಇತ್ತು. ಆದರೆ ಚಳಿ! ಅಕ್ಟೋಬರ್ ಮೊದಲ ವಾರದಲ್ಲೇ ನನ್ನ ಕಾಲು ಮರಗಟ್ಟುತ್ತಿತ್ತು. ನೆಲಮಾಳಿಗೆಯಲ್ಲಿ ಎಣ್ಣೆ ಉರಿಸುವ ಹಳೆಯ ಬಾಯ್ಲರ್. ಅದರ ಹಬೆ ಕೋಣೆಯ ಕಬ್ಬಿಣದ ರೇಡಿಯೇಟರಿಗೆ ಬರುವಾಗ ರಾತ್ರಿಯೆಲ್ಲ ಟಕ್ ಟಕ್ ಎಂದು ಸುತ್ತಿಗೆಯ ಪೆಟ್ಟು. ಒಂದು ಕೋಣೆ ಬೇಯುತ್ತಿತ್ತು, ಇನ್ನೊಂದು ನಡುಗುತ್ತಿತ್ತು. ಬೇಸಿಗೆಯಲ್ಲಿ ಇದೇ ಮನೆ ಕುದಿಯುತ್ತದೆ ಎಂದಳು ತಂಗಿ. ಮಗು ಹುಟ್ಟುವುದು ಡಿಸೆಂಬರಿನಲ್ಲಿ. “ಈ ಮನೇಲಿ ಬಾಣಂತನ ಹೇಗೆ ಮಾಡ್ಲೇ?” ಎಂದು ಕೇಳಿಯೇಬಿಟ್ಟೆ. ಆಗ ತಂಗಿಯ ಗಂಡ ಹೇಳಿದರು: “ಅಕ್ಕ, ಈ ತಿಂಗಳೇ ಸ್ಪ್ಲಿಟ್ ಹಾಕಿಸ್ತಾ ಇದೀವಿ. ಚಳಿಗೂ ಅದೇ, ಸೆಕೆಗೂ ಅದೇ.”

ಕೊಳವೆ ಇಲ್ಲದ ಯಂತ್ರ

ಅಮೆರಿಕದ ಎಷ್ಟೋ ಮನೆಗಳಲ್ಲಿ ಒಂದೇ ದೊಡ್ಡ ಯಂತ್ರವಿದ್ದು, ತಗಡಿನ ಅಗಲ ಕೊಳವೆಗಳ ಮೂಲಕ ಬಿಸಿ ಗಾಳಿ, ತಣ್ಣನೆ ಗಾಳಿ ಎಲ್ಲ ಕೋಣೆಗೂ ಹೋಗುತ್ತದೆ. ಆ ಕೊಳವೆಗೆ ಡಕ್ಟ್ ಎನ್ನುತ್ತಾರೆ. ಹೊಸ ಮನೆ ಕಟ್ಟುವಾಗ ಅದನ್ನು ಗೋಡೆಯೊಳಗೇ ಅಡಗಿಸುತ್ತಾರೆ. ಇನ್ನೂರು ವರ್ಷದ ಮನೆಯಲ್ಲಿ ಅದಕ್ಕೆ ಜಾಗ ಎಲ್ಲಿ? ತೊಲೆ ಕೊಯ್ಯಬೇಕು, ಸೂರಿನ ಕೆಳಗೆ ಇನ್ನೊಂದು ಸುಳ್ಳು ಸೂರು ಕಟ್ಟಬೇಕು. ಅಲ್ಲಿನ ಹಳೆ ಗೋಡೆಗಳೂ ನಮ್ಮ ಹಳೆ ಗೋಡೆಗಳ ಹಾಗೆ ನಾಜೂಕು. ತೆಳ್ಳನೆಯ ಮರದ ಪಟ್ಟಿಗಳನ್ನು ಸಾಲಾಗಿ ಬಡಿದು, ಮೇಲೆ ಸುಣ್ಣದ ಗಾರೆ ಮೆತ್ತಿರುತ್ತಾರೆ. ಗಾರೆ ಬಿರಿಯಬಾರದೆಂದು ಅದರಲ್ಲಿ ಪ್ರಾಣಿಯ ಕೂದಲು ಬೆರೆಸುತ್ತಿದ್ದರಂತೆ. ನಮ್ಮಲ್ಲಿ ಬೆಲ್ಲ, ಅಳಲೆಕಾಯಿ ನೀರು ಬೆರೆಸುತ್ತಿದ್ದರಲ್ಲ, ಹಾಗೆ. ಒಂದು ಕಡೆ ಒಡೆದರೆ ಇನ್ನೊಂದು ಕಡೆ ಉದುರುತ್ತದೆ.

ಸ್ಪ್ಲಿಟ್ ಯಂತ್ರಕ್ಕೆ ಈ ಕಷ್ಟ ಇಲ್ಲ. ಒಂದು ಭಾಗ ಕೋಣೆಯೊಳಗೆ, ಇನ್ನೊಂದು ಭಾಗ ಹೊರಗೆ. ಎರಡರ ನಡುವೆ ಎರಡು ತಾಮ್ರದ ಕೊಳವೆ, ಒಂದು ವಿದ್ಯುತ್ ತಂತಿ, ನೀರು ಹೋಗಲು ಒಂದು ಸಣ್ಣ ಪೈಪು. ಇಷ್ಟಕ್ಕೆಲ್ಲ ಗೋಡೆಯಲ್ಲಿ ಸುಮಾರು ಮೂರು ಅಂಗುಲದ ಒಂದೇ ರಂಧ್ರ ಸಾಕು. ಒಬ್ಬಟ್ಟಿನ ಉಂಡೆಯಷ್ಟು ಅನ್ನಿ. ಜಪಾನಿನ ಮನೆಗಳಲ್ಲಿ ಇದು ಬಹಳ ಹಿಂದಿನಿಂದಲೂ ಇತ್ತು. ನಮ್ಮ ಊರಿನ ಬಟ್ಟೆ ಅಂಗಡಿಯಲ್ಲಿ ಇರುವುದೂ ಈ ಜಾತಿಯದೇ.

“ತಣ್ಣಗೆ ಮಾಡೋದು ಸರಿ, ಬಿಸಿ ಹೇಗೆ ಮಾಡುತ್ತೆ?” ಎಂದು ನಾನು ಕೇಳಿದೆ. ನಿಮಗೂ ಈ ಸಂದೇಹ ಬಂದಿರಬೇಕು. ನಿಮ್ಮ ಮನೆಯ ಫ್ರಿಜ್ಜಿನ ಹಿಂಭಾಗ ಅಥವಾ ಪಕ್ಕದ ತಗಡು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ಪಾತ್ರೆಗಳ ಶಾಖವನ್ನು ಎತ್ತಿ ಹೊರಗೆ ಬಿಡುತ್ತಿದೆ ಎಂದರ್ಥ. ಫ್ರಿಜ್ಜು ಶಾಖವನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಹೊರುತ್ತದೆ. ಈ ಯಂತ್ರವೂ ಅಷ್ಟೆ. ಬೇಸಿಗೆಯಲ್ಲಿ ಕೋಣೆಯ ಶಾಖವನ್ನು ಹೊರಗೆ ಹೊರುತ್ತದೆ, ಚಳಿಗಾಲದಲ್ಲಿ ತಿರುಗಿಸಿ ಹೊರಗಿನ ಶಾಖವನ್ನು ಒಳಗೆ ಹೊರುತ್ತದೆ. ಹಿಮ ಬಿದ್ದ ಗಾಳಿಯಲ್ಲೂ ಹೊರುವಷ್ಟು ಶಾಖ ಇರುತ್ತದಂತೆ! ಚಳಿ ದೇಶಕ್ಕೆಂದೇ ಮಾಡಿದ ಯಂತ್ರಗಳು ಶೂನ್ಯಕ್ಕಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೂ ಕೆಲಸ ಮಾಡುತ್ತವೆ. ಹುಟ್ಟಿಸುವುದಕ್ಕಿಂತ ಹೊರುವುದು ಸುಲಭ. ಆದ್ದರಿಂದ ಒಂದು ಪಾಲು ವಿದ್ಯುತ್ತಿಗೆ ಸಾಧಾರಣ ಚಳಿಯಲ್ಲಿ ಎರಡು ಮೂರು ಪಾಲು ಶಾಖ ಸಿಗುತ್ತದೆ. ಚಳಿ ಏರಿದಷ್ಟೂ ಈ ಲಾಭ ಕಡಿಮೆಯಾಗುತ್ತದೆ. ಹಾಗೆಂದೇ ತಂಗಿ ಮನೆಯವರು ಹಳೆಯ ಬಾಯ್ಲರನ್ನು ತೆಗೆಸಲಿಲ್ಲ, ಆಪತ್ಕಾಲಕ್ಕೆ ಇರಲಿ ಎಂದು ಉಳಿಸಿಕೊಂಡರು.

ಮೊದಲು ಊದುಬತ್ತಿ, ಆಮೇಲೆ ಯಂತ್ರ

ಯಂತ್ರ ನಾಳೆಯೇ ಬರುತ್ತದೆ ಎಂದುಕೊಂಡಿದ್ದೆ. ಮೊದಲು ಬಂದದ್ದು ಮನೆಯ ಗಾಳಿ ಪರೀಕ್ಷೆ ಮಾಡುವವನು. ಮುಂಬಾಗಿಲಿಗೆ ಬಟ್ಟೆಯ ಪರದೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನು ಇಟ್ಟು ಮನೆಯ ಗಾಳಿಯನ್ನೆಲ್ಲ ಹೊರಗೆ ಎಳೆಸಿದ. ಆಗ ಸಂದುಗೊಂದುಗಳಿಂದ ಹೊರಗಿನ ಗಾಳಿ ನುಗ್ಗುತ್ತದೆ. ಎಲ್ಲಿಂದ ಎಂದು ನೋಡಲು ಅವನ ಕೈಯಲ್ಲಿ ಹೊಗೆ ಬಿಡುವ ಪೆನ್ನಿನಂಥದ್ದಿತ್ತು. ನಾನು ಸುಮ್ಮನಿರುತ್ತೇನೆಯೇ? ದೇವರ ಮುಂದಿನ ಊದುಬತ್ತಿ ಹಚ್ಚಿಕೊಂಡು ಹೊರಟೆ. ಕಿಟಕಿಯ ಚೌಕಟ್ಟಿನ ಬಳಿ, ಅಗ್ಗಿಷ್ಟಿಕೆಯ ಬಾಯಲ್ಲಿ, ಅಟ್ಟದ ಮುಚ್ಚಳದ ಅಂಚಿನಲ್ಲಿ ಹೊಗೆ ನೆಟ್ಟಗೆ ಏಳದೆ ಅಡ್ಡಡ್ಡ ಓಡಿತು. ಆತ ನನ್ನ ಊದುಬತ್ತಿ ನೋಡಿ ನಕ್ಕು, ತಾನೂ ಒಂದು ಕೇಳಿ ತೆಗೆದುಕೊಂಡ.

ತೂತಿರುವ ಕೊಡಕ್ಕೆ ಎಷ್ಟು ನೀರು ಸೇದಿ ಹಾಕಿದರೇನು? ಸಂದು ಮುಚ್ಚದೆ ಯಂತ್ರ ಹಾಕಿದರೂ ಅಷ್ಟೇ. ಹಾಗಾಗಿ ಮೊದಲು ಸಂದುಗಳಿಗೆ ಪಟ್ಟಿ ಅಂಟಿಸಿದರು, ಬಳಸದ ಅಗ್ಗಿಷ್ಟಿಕೆಗಳನ್ನು ಒಳಗಿನಿಂದ ಮುಚ್ಚಿದರು. ಅಲುಗುವ ಹಳೆ ಗಾಜನ್ನು ಕಿತ್ತು ಎಸೆಯಲಿಲ್ಲ; ಅದರ ಹೊರಗೆ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಿದರು. ಅಟ್ಟದ ನೆಲಕ್ಕೆ, ಬೆಂಕಿ ತಾಗದಂತೆ ಔಷಧಿ ಬೆರೆಸಿದ ಹಳೆ ಪತ್ರಿಕೆಗಳ ಚೂರನ್ನು ಊದಿ ಒಂದು ಮೊಳದಷ್ಟು ತುಂಬಿದರು. ಹಳೆ ಪೇಪರನ್ನು ತೂಕಕ್ಕೆ ಹಾಕುವ ನಾವು ಇದನ್ನು ನೋಡಬೇಕು! ಆದರೆ ಅದಕ್ಕೂ ಮೊದಲು ಅಟ್ಟದಲ್ಲಿದ್ದ ಹಳೇ ಕಾಲದ ವಿದ್ಯುತ್ ತಂತಿಗಳನ್ನು ಬದಲಾಯಿಸಿದರು. ಪಿಂಗಾಣಿ ಗುಬ್ಬಿಗಳ ಮೇಲೆ ತೆರೆದ ಹಾಗೆ ಓಡುವ ಆ ತಂತಿಗಳ ಮೇಲೆ ಏನಾದರೂ ಹೊದಿಸಿದರೆ ಕಾದು ಬೆಂಕಿ ಹತ್ತುವ ಅಪಾಯವಿದೆ.

ಈ ಹೊದಿಕೆಯ ಮಹಿಮೆಯನ್ನು ಆ ಊರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1833ರಲ್ಲಿ ಬಾಸ್ಟನ್ನಿಂದ ಟಸ್ಕನಿ ಎಂಬ ಹಡಗು ಸುಮಾರು 180 ಟನ್ ಐಸು ತುಂಬಿಕೊಂಡು ಕಲ್ಕತ್ತೆಗೆ ಹೊರಟಿತು. ನಾಲ್ಕು ತಿಂಗಳ ಪ್ರಯಾಣ, ಬಿಸಿಲಿನ ಸಮುದ್ರ. ಆದರೂ ಕಲ್ಕತ್ತೆಯಲ್ಲಿ ಇಳಿಸುವಾಗ ಸುಮಾರು 100 ಟನ್ ಐಸು ಕರಗದೆ ಉಳಿದಿತ್ತು! ಫ್ರೆಡರಿಕ್ ಟ್ಯೂಡರ್ ಎಂಬಾತನ ವ್ಯಾಪಾರ ಅದು. ಅದರ ಗುಟ್ಟು ಇಷ್ಟೇ: ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಐಸು ಕೊಯ್ದು, ಮರದ ಹೊಟ್ಟನ್ನು ದಪ್ಪಗೆ ಸುತ್ತಿ ಒತ್ತಾಗಿ ಜೋಡಿಸುವುದು. ಸೇಲಂ ಪಕ್ಕದ ವೆನಂ ಸರೋವರದ ಐಸು ಲಂಡನ್ನಿನವರೆಗೂ ಹೆಸರಾಗಿತ್ತು. ಮದ್ರಾಸಿನ ಸಮುದ್ರ ತೀರದ ಐಸ್ ಹೌಸ್ ಇದೇ ವ್ಯಾಪಾರಕ್ಕಾಗಿ ಕಟ್ಟಿದ್ದು. ವಿವೇಕಾನಂದರು ಅಮೆರಿಕದಿಂದ ಮರಳಿದ ಮೇಲೆ 1897ರ ಫೆಬ್ರವರಿಯಲ್ಲಿ ತಂಗಿದ್ದು ಆ ಕಟ್ಟಡದಲ್ಲೇ. ಸೇಲಂನಲ್ಲಿ ಕೂತು ಇದನ್ನು ಕೇಳಿ ನನಗೆ ರೋಮಾಂಚನವಾಯಿತು. ಯಂತ್ರವೇ ಇಲ್ಲದ ಕಾಲದಲ್ಲಿ ಬರೀ ಹೊಟ್ಟು ಅಷ್ಟು ಕೆಲಸ ಮಾಡಿತ್ತು.

ಬೀದಿಗೆ ಕಾಣಬಾರದು

ಆ ಭಾಗದಲ್ಲಿ ಮನೆ ನಿಮ್ಮದೇ ಆದರೂ ಹೊರಗಿನ ರೂಪ ನಿಮ್ಮದೊಬ್ಬರದೇ ಅಲ್ಲ. ಬೀದಿಗೆ ಕಾಣುವ ಕಡೆ ಏನು ಬದಲಾಯಿಸಬೇಕಾದರೂ ಊರಿನ ಪರಂಪರೆ ಸಮಿತಿಯ ಒಪ್ಪಿಗೆ ಬೇಕು. ಕೆಲಸ ವಹಿಸಿಕೊಂಡವನು ಮೊದಲು ಕೊಟ್ಟ ನಕ್ಷೆಯಲ್ಲಿ ಹೊರಗಿನ ಪೆಟ್ಟಿಗೆ ಮನೆಯ ಪಕ್ಕದಲ್ಲಿ, ಬೀದಿಗೆ ಎದ್ದು ಕಾಣುವಂತಿತ್ತು. ಕೊಳವೆಗಳಿಗೆ ಬಿಳಿ ಪ್ಲಾಸ್ಟಿಕ್ ಹೊದಿಸಿ ಮುಂಗೋಡೆಯ ಮೇಲೆ ಹತ್ತಿಸುವುದಾಗಿ ಹೇಳಿದ. ಅವನಿಗೆ ಅದು ಸುಲಭ. ತಂಗಿಗೆ ಕಣ್ಣಲ್ಲಿ ನೀರು. ಕಡೆಗೆ ಬೇರೆಯವನನ್ನು ಹುಡುಕಿದರು. ಆತ ಒಂದು ಇಡೀ ದಿನ ಮನೆ ಸುತ್ತಿ, ನೆಲಮಾಳಿಗೆ ಇಳಿದು, ಅಟ್ಟ ಹತ್ತಿ ಅಳತೆ ಮಾಡಿದ. ಹೊರಗಿನ ಪೆಟ್ಟಿಗೆ ಹಿತ್ತಿಲಿಗೆ ಹೋಯಿತು. ಕೊಳವೆಗಳು ನೆಲಮಾಳಿಗೆಯ ಸೂರಿನಲ್ಲಿ ಸಾಗಿ, ಮಹಡಿಗೆ ಒಂದು ಹಳೆಯ ಬೀರುವಿನ ಮೂಲೆಯಿಂದ ಹತ್ತಿದವು. ಮುಂದಿನ ಕೋಣೆಯಲ್ಲಿ ಕೆತ್ತನೆಯ ಅಂಚುಪಟ್ಟಿ ಇದ್ದದ್ದರಿಂದ ಗೋಡೆಯ ಮೇಲೆ ಯಂತ್ರ ತೂಗುಹಾಕಲಿಲ್ಲ. ಕಿಟಕಿಯ ಕೆಳಗೆ ನೆಲದ ಹತ್ತಿರ ಕೂರುವ ಬೇರೆ ಬಗೆಯದನ್ನು ಇಟ್ಟರು.

ಆತ ಹೇಳಿದ ಒಂದು ಮಾತು ನನಗೆ ಇಂದಿಗೂ ನೆನಪಿದೆ. ತಂಗಿ ಕನ್ನಡದಲ್ಲಿ ವಿವರಿಸಿ ಹೇಳಿದಳು: ಹಳೆ ಮನೆಗೆ ಏನನ್ನು ಸೇರಿಸಿದರೂ, ಮುಂದೊಂದು ದಿನ ಅದನ್ನು ತೆಗೆದುಬಿಟ್ಟರೆ ಮನೆ ಮೊದಲಿನ ಹಾಗೇ ಉಳಿಯಬೇಕು. ಅಮೆರಿಕದ ಸರ್ಕಾರ ಹಳೆ ಕಟ್ಟಡಗಳಿಗೆ ಮಾಡಿರುವ ನಿಯಮಗಳಲ್ಲೇ ಇದು ಸೇರಿದೆಯಂತೆ. ನನಗೆ ನಮ್ಮ ಹೊಲಿಗೆ ನೆನಪಾಯಿತು. ಬೆಳೆಯುವ ಹುಡುಗಿಗೆ ಲಂಗ ಹೊಲಿಯುವಾಗ ನಾವು ಬಟ್ಟೆ ಕತ್ತರಿಸುತ್ತೇವೆಯೇ? ಒಳಗೆ ಮಡಿಸಿ ಹೊಲಿಯುತ್ತೇವೆ. ಬೇಕಾದಾಗ ಬಿಚ್ಚಬಹುದು. ಮಡಿಸುವುದು ಬೇರೆ, ಕತ್ತರಿಸುವುದು ಬೇರೆ.

ರಂಧ್ರ ಕೊರೆದ ದಿನ

ಮೂರು ಅಂಗುಲದ ರಂಧ್ರ ಎಂದು ಹಗುರವಾಗಿ ಹೇಳಿದೆ. ಆದರೆ ಅದರಲ್ಲೂ ಒಂದು ಅಪಾಯವಿತ್ತು. ಹಳೆಯ ಮನೆಗಳ ಬಣ್ಣದಲ್ಲಿ ಸೀಸ ಇರುತ್ತದೆ. ಅಮೆರಿಕದಲ್ಲಿ ಮನೆಬಳಕೆಗೆ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಕೊರೆದಾಗ ಏಳುವ ಧೂಳು ಹೊಟ್ಟೆಗೆ ಹೋದರೆ ಎಳೆ ಮಕ್ಕಳ ಮಿದುಳಿಗೆ ಕೆಡುಕು. ಗರ್ಭಿಣಿಯರಿಗೂ ಒಳ್ಳೆಯದಲ್ಲ. ಕಣ್ಣಿಗೆ ಬರೀ ಧೂಳು, ವಾಸನೆಯಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಆರು ವರ್ಷದೊಳಗಿನ ಮಕ್ಕಳಿರುವ ಹಳೆ ಮನೆಗಳ ಸೀಸದ ಅಪಾಯವನ್ನು ಮಾಲೀಕರು ನಿವಾರಿಸಲೇಬೇಕೆಂಬ ಕಾನೂನಿದೆ.

ಪರೀಕ್ಷೆ ಮಾಡಿಸಿದಾಗ ಬಾಣಂತಿ ಕೋಣೆಯ ಗೋಡೆಯಲ್ಲೇ ಸೀಸ ಇತ್ತು. ಏಳು ತಿಂಗಳ ಬಸುರಿಯನ್ನು ಅಲ್ಲಿಟ್ಟುಕೊಂಡು ಗೋಡೆ ಕೊರೆಯುವುದುಂಟೆ? ತಂಗಿಯನ್ನು ಅವಳ ಗೆಳತಿಯ ಮನೆಗೆ ಕಳಿಸಿ ನಾನು ಉಳಿದೆ. ಇಂಥ ಕೆಲಸಕ್ಕೆಂದೇ ತರಬೇತಾದವರು ಬಂದರು. ಕೋಣೆಯ ಸಾಮಾನೆಲ್ಲ ಹೊರಗಿಟ್ಟು, ನೆಲಕ್ಕೂ ಬಾಗಿಲಿಗೂ ಪ್ಲಾಸ್ಟಿಕ್ ಹಾಳೆ ಬಿಗಿದು, ಕೊರೆಯುವ ಕಡೆ ನೀರು ಚಿಮುಕಿಸುತ್ತ, ನುಣುಪು ಧೂಳನ್ನೂ ಹಿಡಿಯುವ ಯಂತ್ರದಿಂದ ಎಳೆಯುತ್ತ ಕೆಲಸ ಮಾಡಿದರು. ರಂಧ್ರವನ್ನು ಹೊರಗಡೆಗೆ ಸ್ವಲ್ಪ ಇಳಿಜಾರಾಗಿ ಕೊರೆದರು, ನೀರು ಒಳಗೆ ತಿರುಗಬಾರದಲ್ಲ. ಕಡೆಗೆ ಒದ್ದೆ ಬಟ್ಟೆಯಿಂದ ಒರೆಸಿದರು. ಅವರು ಹೋದ ಮೇಲೆ ನಾನು ಮತ್ತೆ ಎರಡು ಸಲ ಒರೆಸಿದೆ. ನನಗೆ ಸಮಾಧಾನವಾಗಬೇಕಲ್ಲ!

ಕೆಲಸ ಮೂರು ದಿನದಲ್ಲಿ ಮುಗಿಯಬೇಕಿತ್ತು, ಆದರೆ ವಾರ ಹಿಡಿಯಿತು. ಕಾರಣ ಕೇಳಿದರೆ ನಗುತ್ತೀರಿ. 1692ರಲ್ಲಿ ಈ ಊರಿನಲ್ಲಿ ಮಾಟಗಾತಿಯರೆಂದು ಆರೋಪ ಹೊರಿಸಿ ನಿರಪರಾಧಿಗಳನ್ನು ಗಲ್ಲಿಗೇರಿಸಿದ್ದರು. ಆ ದುಃಖದ ಕಥೆಯೇ ಈಗ ಜಾತ್ರೆಯಾಗಿದೆ. ಅಕ್ಟೋಬರ್ ತಿಂಗಳೆಲ್ಲ ಕರಿ ಟೋಪಿ ಹಾಕಿಕೊಂಡ ಜನವೋ ಜನ. ಕೆಲಸಗಾರರ ಗಾಡಿ ನಿಲ್ಲಿಸಲು ಜಾಗವೇ ಸಿಗದೆ ಎರಡು ದಿನ ಹಿಂದಿರುಗಿ ಹೋದರು.

ಹಿತ್ತಿಲಲ್ಲಿ ಹೊಗೆ

ಡಿಸೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಕರೆತಂದ ದಿನ ಕೋಣೆ ನಮ್ಮೂರಿನ ಫೆಬ್ರವರಿಯ ಬೆಳಗಿನಂತೆ ಹಿತವಾಗಿತ್ತು. ಎಣ್ಣೆ ನೀರು ಹಾಕಿ, ಮಗುವನ್ನು ಹಳೆ ಸೀರೆಯಲ್ಲಿ ಸುತ್ತಿ ಮಲಗಿಸಿದರೆ ಸದ್ದಿಲ್ಲದೆ ನಿದ್ದೆ. ಟಕ್ ಟಕ್ ಶಬ್ದವೂ ಇಲ್ಲ. ಯಂತ್ರದ ಗಾಳಿ ನೇರವಾಗಿ ತೊಟ್ಟಿಲಿಗೆ ಬೀಸದ ಹಾಗೆ ಜಾಗವನ್ನು ಮೊದಲೇ ನೋಡಿ ಇಟ್ಟಿದ್ದೆವು.

ಜನವರಿಯ ಒಂದು ಬೆಳಗಿನ ಜಾವ ಮಗುವಿನ ಬಟ್ಟೆ ಹಿಂಡುತ್ತ ಹಿತ್ತಿಲು ನೋಡಿದೆ. ಹೊರಗಿನ ಪೆಟ್ಟಿಗೆಯಿಂದ ದಟ್ಟ ಬಿಳಿ ಹೊಗೆ! ಒಳಗಿನ ಯಂತ್ರವೂ ನಿಂತಿದೆ. “ಬೆಂಕಿ! ಮಗೂನ ಎತ್ಕೊಳ್ಳಿ!” ಎಂದು ಕೂಗಿದೆ. ತಂಗಿಯ ಗಂಡ ಬರಿಗಾಲಲ್ಲಿ ಓಡಿ ಬಂದು ನೋಡಿ, “ಅಕ್ಕ, ಹೊಗೆ ಅಲ್ಲ, ಹಬೆ” ಎಂದು ನಗತೊಡಗಿದರು. ಚಳಿಯಲ್ಲಿ ಹೊರಗಿನ ಪೆಟ್ಟಿಗೆಯ ಮೇಲೆ ಹಿಮ ಕಟ್ಟುತ್ತದೆ. ಯಂತ್ರ ಆಗಾಗ ಕೆಲವು ನಿಮಿಷ ತನ್ನನ್ನೇ ಕಾಯಿಸಿಕೊಂಡು ಅದನ್ನು ಕರಗಿಸುತ್ತದೆ. ಆಗ ಏಳುವುದು ಹಬೆ. ಹಿಮದಲ್ಲಿ ಹೂತುಹೋಗಬಾರದೆಂದು ಪೆಟ್ಟಿಗೆಯನ್ನು ನೆಲದಿಂದ ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟಿರುತ್ತಾರೆ.

ಎಲ್ಲ ಗುಣವೇ ಎಂದರೆ ಸುಳ್ಳಾಗುತ್ತದೆ. ಕೋಣೆಯೊಳಗೆ ಪೆಟ್ಟಿಗೆ ಕಾಣುತ್ತದೆ, ಅಂದವಿಲ್ಲ. ಕೊಳವೆ ಇಲ್ಲದ್ದರಿಂದ ಒಂದು ಕೋಣೆಯ ಶಾಖ ಇನ್ನೊಂದಕ್ಕೆ ಹೋಗುವುದಿಲ್ಲ. ಬಚ್ಚಲು ಕೊನೆಯವರೆಗೂ ತಣ್ಣಗೇ ಇತ್ತು. ಎರಡು ಮೂರು ವಾರಕ್ಕೊಮ್ಮೆ ಜಾಲರಿ ತೆಗೆದು ತೊಳೆಯಬೇಕು. ಕೋಣೆಗೊಂದು ಬೇಕೆಂದರೆ ಖರ್ಚೂ ಕೋಣೆ ಕೋಣೆಗೆ ಏರುತ್ತದೆ. ಆದರೆ 1826ರ ಮನೆ 1826ರ ಮನೆಯಾಗಿಯೇ ಉಳಿಯಿತು, ಮಗು ಬೆಚ್ಚಗೆ ಬೆಳೆಯಿತು. ಅಷ್ಟು ಸಾಕಲ್ಲವೇ?

ಮರಳಿ ನಮ್ಮ ತೊಟ್ಟಿಗೆ

2024ರ ಮಾರ್ಚಿನಲ್ಲಿ ಊರಿಗೆ ಬಂದೆ. ಬಂದ ಮಾರನೆಯ ದಿನ ಯಜಮಾನರ ಮುಂದೆ ಕಾಫಿ ಇಟ್ಟು, “ಮನೆ ಕೆಡವೋ ಮೊದಲು ನನಗೆ ಒಂದು ಬೇಸಿಗೆ ಕೊಡಿ” ಎಂದೆ. ಹದಿನೈದು ದಿನ ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕಡೆಗೆ, “ಏನು ಮಾಡ್ತೀಯೋ ಮಾಡು, ಗೋಡೆ ಬಿದ್ದರೆ ನನ್ನ ಕೇಳಬೇಡ” ಎಂದರು.

ಗೋಡೆಯನ್ನು ಮುಟ್ಟಲೇ ಇಲ್ಲ. ಅತ್ತೆಯ ಕೋಣೆಯ ಮೇಲ್ಗಡೆ ಮರದ ಚೌಕಟ್ಟಿನ ಒಂದು ಗವಾಕ್ಷಿ ಇದೆ. ಅದರ ಗಾಜು ತೆಗೆದು ಹಲಗೆ ಕೂರಿಸಿ, ಹಲಗೆಯಲ್ಲಿ ರಂಧ್ರ ಮಾಡಿಸಿದೆ. ಗಾಜನ್ನು ಬಟ್ಟೆ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ. ಮಣ್ಣಿನ ಗೋಡೆಯಲ್ಲಿ ಮೊಳೆ ಭಾರ ತಡೆಯುವುದಿಲ್ಲವಾದ್ದರಿಂದ ಎರಡು ಕಂಬಗಳ ನಡುವೆ ಅಡ್ಡಪಟ್ಟಿ ಕೊಡಿಸಿ ಒಳಗಿನ ಪೆಟ್ಟಿಗೆಯನ್ನು ಅದಕ್ಕೇ ತೂಗುಹಾಕಿಸಿದೆ. ಹೊರಗಿನದು ಹಿತ್ತಿಲಿನಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಆ ಒಂದೇ ಕೋಣೆಗೆ, ಒಂದು ಟನ್ನಿನದು. ತೊಟ್ಟಿ ತೊಟ್ಟಿಯಾಗಿಯೇ ಇದೆ.

ಆ ಏಪ್ರಿಲಿನ ಬಿಸಿಲು ನಿಮಗೂ ನೆನಪಿರಬೇಕು. ಅತ್ತೆ ಮಧ್ಯಾಹ್ನ ಕೋಣೆಯಲ್ಲಿ ಮಲಗುತ್ತಿದ್ದರು, ಸಂಜೆ ಎದ್ದು ಬಂದು ಅದೇ ಕಂಬಕ್ಕೆ ಒರಗಿ ಕೂರುತ್ತಿದ್ದರು. ಆ ಬೇಸಿಗೆ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಹೊಸ ಮನೆಯ ನಕ್ಷೆ ಬೀರುವಿನ ಮೇಲಿದೆ. ಯಜಮಾನರು ಅದನ್ನು ಹರಿದು ಹಾಕಿಲ್ಲ, ಕೆಳಗೆ ತೆಗೆದೂ ಇಲ್ಲ. ಮುಂದೇನೋ ಗೊತ್ತಿಲ್ಲ. ಒಂದು ಬೇಸಿಗೆ ಕೇಳಿದ್ದೆ, ಸಿಕ್ಕಿತು.

ನಿಮ್ಮದೂ ಹಳೆ ಮನೆಯಾಗಿದ್ದರೆ ಈ ನಾಲ್ಕು ಮಾತು ನೆನಪಿನಲ್ಲಿಡಿ:

ಒಂದು, ಮೊದಲು ಊದುಬತ್ತಿ ಹಿಡಿದು ಸಂದು ಹುಡುಕಿ. ಹಗಲು ಕಿಟಕಿ ಮುಚ್ಚಿ ಪರದೆ ಬಿಡಿ, ಸಂಜೆ ತೆರೆಯಿರಿ. ಇಷ್ಟರಲ್ಲೇ ಎಷ್ಟೋ ಸೆಕೆ ಇಳಿಯುತ್ತದೆ.

ಎರಡು, ಹಳೆ ವೈರಿಂಗಿಗೆ ಯಂತ್ರ ಜೋಡಿಸಬೇಡಿ. ಎ.ಸಿ.ಗೆಂದೇ ಬೇರೆ ಲೈನು, ಸರಿಯಾದ ಅರ್ಥಿಂಗ್ ಇರಲಿ.

ಮೂರು, ಯಂತ್ರದಿಂದ ತೊಟ್ಟಿಕ್ಕುವ ನೀರು ಮಣ್ಣಿನ ಗೋಡೆಗೆ ಶತ್ರು. ಪೈಪನ್ನು ಬುಡದಿಂದ ದೂರ ಒಯ್ಯಿರಿ. ಹಳೆ ಬಣ್ಣದ ಬಾಗಿಲು, ಕಿಟಕಿಗಳನ್ನು ಕೊರೆಯುವಾಗ, ಉಜ್ಜುವಾಗ ಮಕ್ಕಳನ್ನೂ ಬಸುರಿಯರನ್ನೂ ದೂರವಿಡಿ. ನಮ್ಮ ದೇಶದಲ್ಲಿ ಬಣ್ಣದ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಬಂದದ್ದು 2017ರಲ್ಲಿ, ನೆನಪಿರಲಿ.

ನಾಲ್ಕು, ದೊಡ್ಡದೇ ಒಳ್ಳೆಯದು ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಕೋಣೆಗೆ ತಕ್ಕಷ್ಟಿರಲಿ. ಯಂತ್ರ 24 ಡಿಗ್ರಿಯಲ್ಲಿರಲಿ, ಫ್ಯಾನೂ ತಿರುಗಲಿ.

ಕೆಲಸದವನು ಸುತ್ತಿಗೆ ಎತ್ತುವ ಮುಂಚೆ ಒಂದು ಪ್ರಶ್ನೆ ಕೇಳಿ: “ನಾಳೆ ಇದನ್ನ ತೆಗೆದರೆ ಮನೆ ಮೊದಲಿನ ಹಾಗಿರುತ್ತಾ?” ಅವನು ತಲೆ ಕೆರೆದುಕೊಂಡರೆ ಬೇರೆಯವನನ್ನು ಕರೆಯಿರಿ.

ಅಂದ ಹಾಗೆ, ನಮ್ಮ ಯಂತ್ರದ ನೀರನ್ನು ಹಿತ್ತಿಲಿನ ಕರಿಬೇವಿನ ಬುಡಕ್ಕೆ ಬಿಟ್ಟಿದ್ದೇನೆ. ಬೇಸಿಗೆಯಲ್ಲಿ ಒಣಗುತ್ತಿದ್ದ ಗಿಡ ಈಗ ಸೊಂಪಾಗಿದೆ. ಅತ್ತೆ ದಿನಾ ಹೋಗಿ ನೋಡಿಕೊಂಡು ಬರುತ್ತಾರೆ. “ನಿನ್ನ ಸೇಲಂನಿಂದ ಇಷ್ಟಾದರೂ ಬಂತಲ್ಲ” ಎನ್ನುತ್ತಾರೆ. ಮಾವಿನಹಣ್ಣು ತರಲಿಲ್ಲವೆಂಬ ಬೇಸರ ಅವರಿಗೆ ಇನ್ನೂ ಇದೆ!